ಇಂಗಳದಾಳಿನವನು ತಾಮ್ರ ಕೇಳಿದ್ದು

ಚುನಾವಣೆ ಮುಗಿದು, ಠಾಣೆಯಲ್ಲಿಟ್ಟ ಬಂದೂಕುಗಳೆಲ್ಲ
ಮನೆಗೆ ಮರಳಿದ ವಾರ.
ದಾವಣಗೆರೆಯ ಬಿಸಿಲು ಅಂಗಡಿಯ ಕಟಾಂಜನ ದಾಟಿ
ಸ್ಟಾಕು ಬುಕ್ಕಿನ ಮೇಲೆ ಗೆರೆ ಎಳೆದಿತ್ತು.
ಒಬ್ಬ ಬಂದ. ಚಪ್ಪಲಿ ಹೊರಗೇ ಬಿಟ್ಟ,
ಇದೂ ಒಂದು ಗುಡಿ ಎಂಬಂತೆ.

ಪಾಲಯ್ಯ. ಇಂಗಳದಾಳು, ಚಿತ್ರದುರ್ಗ.
ಮುನ್ನೂರ ಹದಿನೈದು ಬೋರು, ಬೆಳೆ ಕಾಯಲಿಕ್ಕೆ.
ಲೈಸೆನ್ಸಿನೊಳಗೆ ಇಲಾಖೆಯ ಚೀಟಿ, ನಾಕು ಮಡಿಕೆ:
ಒಂದು ಕಾಡುಹಂದಿ. ಒಂದೇ. ಮಾಂಸ ಮುಟ್ಟುವಂತಿಲ್ಲ.

ಸೀಸದ ತೋಟಾ ಎತ್ತಿಟ್ಟೆ, ಎಲ್ಲರೂ ಒಯ್ಯುವುದು ಅದನ್ನೇ.
ಆತ ಅಂಗೈ ಅಡ್ಡ ಹಿಡಿದ,
ಎಲೆಯ ಮೇಲೆ ಇನ್ನೊಂದು ಹೋಳಿಗೆ ಬೇಡವೆನ್ನುವ ಹಾಗೆ.
"ತಾಮ್ರದ್ದು ಐತಾ, ತಾಯಿ?"

ಇತ್ತು. ಒಂದೇ ಡಬ್ಬಿ, ಧೂಳು ತಿನ್ನುತ್ತ ಎರಡು ವರ್ಷದಿಂದ.
ಬೆಲೆ ಮೂರು ಪಟ್ಟು ಎಂದೆ. ತಲೆಯಾಡಿಸಿದ.
ತಾಮ್ರ ಹಗುರ, ಅದೇ ತೂಕಕ್ಕೆ ಗುಂಡು ಉದ್ದ,
ನಿಮ್ಮ ಹಳೇ ನಳಿಗೆ ಒಪ್ಪಬೇಕು, ನಾನು ಒಪ್ಪಿದರೆ ಸಾಲದು.
ಭಾರದ್ದಕ್ಕೆ ಆಸೆಪಡಬೇಡಿ.
ವೇಗವಿದ್ದರೆ ಅರಳುತ್ತದೆ, ಇಲ್ಲದಿದ್ದರೆ
ಸೂಜಿಯ ಹಾಗೆ ತೂರಿ ಆಚೆ ಹೋಗುತ್ತದೆ,
ಹಂದಿ ಮೂರು ದಿನ ಎಲ್ಲೋ ಸಾಯುತ್ತದೆ.
ಎಂಬತ್ತು ಹೆಜ್ಜೆಯೊಳಗೆ. ಭುಜದ ಹಿಂದೆ. ಇಲ್ಲವಾದರೆ ಬೇಡ.

ಆತ ಕೇಳುತ್ತಿದ್ದನೋ ಇಲ್ಲವೋ.
ಒಂದು ತೋಟಾವನ್ನು ಬೆಳಕಿಗೆ ಹಿಡಿದು
ಕೆಂಪು ಮೂತಿಯನ್ನು ಮೂಸಿ ನೋಡಿದ.
"ಹದಿನೇಳು ವರ್ಷ ಗುಡ್ಡದ ಹೊಟ್ಟೇಲಿ ಇದನ್ನ ಕೊರದೀನಿ.
ಲಾರಿ ತುಂಬಿ ಕಳಿಸ್ತಿದ್ವಿ.
ಗಣಿ ಮುಚ್ಚೋವರೆಗೂ ಯಾರೂ ಹೇಳಲಿಲ್ಲ,
ಏನಾಗ್ತೈತೆ ಅಂತ.
ತಂತಿನೋ, ತಂಬಿಗೇನೋ."
ಇದು ಎಲ್ಲಿಯ ತಾಮ್ರವೋ. ನಾನು ಬಾಯಿ ಬಿಡಲಿಲ್ಲ.

ಸೀಸ ಯಾಕೆ ಬೇಡ ಎಂದೆ, ಬಿಲ್ಲು ಬರೆಯುತ್ತ.

ಹೋದ ಕಾರ್ತೀಕದಲ್ಲಿ ಒಂದು ಹಂದಿ ಹೊಡೆದು
ಚೀಟಿಯಲ್ಲಿದ್ದಂತೆ ಹೂತರಂತೆ.
ನಾಯಿಗಳು ಕೆದರಿದವು.
ಐದನೇ ದಿನ ಬದುವಿನ ಮೇಲೆ ಒಂದು ಹದ್ದು,
ರೆಕ್ಕೆ ಜೋಲು ಬಿಟ್ಟು, ನೆಂದ ಕಂಬಳಿಯಂತೆ.
ಹತ್ತಿರ ಹೋದರೂ ಹಾರಲಿಲ್ಲ.
ಬೊಗಸೆಯಲ್ಲಿ ನೀರು ಹಿಡಿದರೆ ಕೊಕ್ಕು ನೆನೆಸಿತು, ಕುಡಿಯಲಿಲ್ಲ.
ದನದ ಆಸ್ಪತ್ರೆಯ ಕಾಂಪೌಂಡರು ಹೇಳಿದ್ದು:
ಸೀಸ ಸಿಡಿದು ಹಿಟ್ಟಾಗಿ ಮಾಂಸದೊಳಗೆ ಕೂತಿರುತ್ತೆ.
"ಹಂದಿಗೆ ಚೀಟಿ ಇತ್ತಮ್ಮ.
ಹದ್ದಿಗೆ ಇರಲಿಲ್ಲ."

ಪೆನ್ನು ನಿಂತಿತು.
ಅಬ್ಬಾ ಹಿತ್ತಲಲ್ಲಿ ಸೀಮೆಎಣ್ಣೆ ಸ್ಟೌವಿನ ಮೇಲೆ
ಸೀಸ ಕಾಯಿಸಿ ಚರೆ ಹೊಯ್ಯುತ್ತಿದ್ದರು.
ಬೆಳ್ಳಿಗಿಂತ ಚೆಂದ ಹೊಳೆಯುತ್ತಿತ್ತು, ನಾನು ಊದುತ್ತಿದ್ದೆ.
ಕೊನೆಕೊನೆಗೆ ಅವರ ಕೈಯ ಚಹಾ ಬಸಿಗೆ ತುಂಬುತ್ತಿತ್ತು.
ವಯಸ್ಸು ಎಂದೆವು.
ಬೇರೆ ಏನನ್ನಲೂ ನಮಗೆ ತಿಳಿದಿರಲಿಲ್ಲ.

ಐದು ತೋಟಾ. ಮೂರು ಮರಳು ಚೀಲಕ್ಕೆ,
ನಳಿಗೆಯ ಮನಸ್ಸು ತಿಳಿಯಲು. ಎರಡು ಹೊಲಕ್ಕೆ.
ಬಾಗಿಲಲ್ಲಿ ಚಪ್ಪಲಿ ಮೆಟ್ಟಿ, ತಿರುಗಿ ನೋಡದೆ ಹೋದ.

ಮೆಕ್ಕೆಜೋಳ ಮುರಿಯುವ ಹೊತ್ತಿಗೆ ಮತ್ತೆ ಬಂದ.
ಒಂದು ತೋಟಾ ಮುಟ್ಟದೆ ಹಾಗೇ.
ಇನ್ನೊಂದು ಬೆಂಕಿಪೊಟ್ಟಣದಲ್ಲಿ:
ಮೂತಿ ಸೀಳಿ, ನಾಕು ಎಸಳು ಹಿಂದಕ್ಕೆ ಮಡಿಸಿಕೊಂಡು
ಉಮ್ಮತ್ತಿ ಹೂವಿನ ಹಾಗೆ.
ಅಬ್ಬಾನ ತಕ್ಕಡಿಯಲ್ಲಿ ತೂಗಿದೆ. ಒಂದು ಸಲ, ಇನ್ನೊಂದು ಸಲ.
ಗುಲಗಂಜಿಯಷ್ಟೂ ಕಮ್ಮಿಯಾಗಿರಲಿಲ್ಲ.

"ಎಷ್ಟು ದೂರ ಓಡಿತು?"
"ಮೂರು ಸಾಲು."
ಸ್ವಲ್ಪ ಹೊತ್ತು ಬಿಟ್ಟು, "ನಾಕು ಇರಬೌದು."

ಇಷ್ಟೊಂದು ಹೊಳಪೇ ಎಂದೆ, ಹೊಟ್ಟೆಯಿಂದ ತೆಗೆದದ್ದು.
ಆತ ನಾಚಿದ.
"ನಮ್ಮ ದುರುಗಮ್ಮ. ಬ್ಯಾಡ ಅಂದ್ರೂ ಬಿಡಲಿಲ್ಲ.
ತಾಮ್ರ ಅಂದಮ್ಯಾಲೆ ತೊಳೀದೆ ಇಡ್ತಾರಾ ಅಂತ
ತಂಬಿಗೆ ಜೊತೆ ಇದಕ್ಕೂ ಹುಣಸೆಹಣ್ಣು ಹಚ್ಚಿದ್ಲು."

ಬೆಂಕಿಪೊಟ್ಟಣ ಇನ್ನೂ ಮೇಜಿನ ಮೇಲಿದೆ.
ಸ್ಟಾಕು ಬುಕ್ಕಿಗೆ ಎಲ್ಲಿ ಬರೆಯಲಿ ಅದನ್ನು?
ತೆರೆದಾಗೊಮ್ಮೆ ಹುಳಿಯ ವಾಸನೆ.